ಮಕ್ಕಳ ಕೈ ಹಿಡಿದು ಹೊರಟಾಗ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾವು ಪ್ರತಿವರ್ಷವೂ ತರಗತಿಯಲ್ಲಿ ವಿಸ್ತರಿಸಿ ಬರೆಯಲು ಕೊಡುತ್ತೇವೆ. ಮಕ್ಕಳೂ ತಪ್ಪದೆ ಬರೆದು ತರುತ್ತಾರೆ. ದೇಶ ಸುತ್ತುವುದರಿಂದ ಅನುಭವ ಬರುತ್ತದೆ, ಕೋಶ ಓದುವುದರಿಂದ ಜ್ಞಾನ ಬರುತ್ತದೆ, ಆದುದರಿಂದ ಎರಡೂ ಬೇಕು ಎಂದು ಮುಗಿಸಿ ಕೆಳಗೆ ಒಂದು ಗೆರೆ ಎಳೆಯುತ್ತಾರೆ. ಆದರೆ ದೇಶವೆಂಬುದು ಎಲ್ಲಿಂದ ಪ್ರಾರಂಭವಾಗುತ್ತದೆ ಎಂದು ಇದುವರೆಗೆ ಯಾವ ವಿದ್ಯಾರ್ಥಿಯೂ ನಮ್ಮನ್ನು ಕೇಳಿಲ್ಲ. ಕೇಳಿದ್ದರೆ ಹೀಗೆ ಹೇಳುತ್ತಿದ್ದೆವು: ದೊಡ್ಡವರಿಗೆ ದೇಶ ಪ್ರಾರಂಭವಾಗುವುದು ರೈಲು ನಿಲ್ದಾಣದಲ್ಲಿ, ನಾಲ್ಕು ವರ್ಷದ ಮಗುವಿಗೆ ಅದು ಪ್ರಾರಂಭವಾಗುವುದು ನಮ್ಮ ಬೀದಿಯ ಕೊನೆಯಲ್ಲಿ.

ಈ ಮಾತನ್ನು ನಾವು ಎರಡು ನೆಲೆಯಲ್ಲಿ ನಿಂತು ಆಡುತ್ತಿದ್ದೇವೆ. ಶಾಲೆಯಲ್ಲಿ ಕನ್ನಡ ಕಲಿಸುವ ಉಪಾಧ್ಯಾಯರಾಗಿ ಒಂದು. ಮನೆಯಲ್ಲಿ ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಇರುವ ತಂದೆತಾಯಿಗಳಾಗಿ ಇನ್ನೊಂದು. ಗಡಿಯ ಈಚೆ ಬಾಳುವ ನಮಗೆ ಕನ್ನಡ ಮನೆಯ ಮಾತು, ತಮಿಳು ಪೇಟೆಯ ಮಾತು. ಎರಡರಲ್ಲಿಯೂ ಓದಿದ್ದೇವೆ, ಎರಡರ ಅನ್ನವನ್ನೂ ಉಂಡಿದ್ದೇವೆ. ಯಾವುದರ ಮೇಲೂ ದೂರಿಲ್ಲ. ಆದರೆ ಎರಡು ಮಾತಿನ ನಡುವೆ ಬೆಳೆಯುವ ಮಗುವಿಗೆ ಮನೆಯ ಮಾತನ್ನು ಉಣಿಸುವ ಹೊತ್ತು ದಿನದಲ್ಲಿ ಬಹಳ ಸ್ವಲ್ಪ ಎಂಬುದು ನಮ್ಮಂಥ ಎಲ್ಲ ಪೋಷಕರಿಗೂ ತಿಳಿದ ವಿಷಯ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ‘ನಾನು ಕಂಡ ಒಂದು ಸ್ಥಳ’ ಎಂಬ ಪ್ರಬಂಧ ಕೊಟ್ಟಿದ್ದೆವು. ಪುಸ್ತಕಗಳನ್ನು ತಿದ್ದಲು ಕುಳಿತರೆ, ಮುಕ್ಕಾಲು ಪಾಲು ಮಕ್ಕಳು ಬೃಂದಾವನ ತೋಟವನ್ನು ಕಂಡುಬಿಟ್ಟಿದ್ದರು! ‘ಬಣ್ಣಬಣ್ಣದ ಕಾರಂಜಿಗಳು ಕಣ್ಮನ ಸೆಳೆಯುತ್ತವೆ’ ಎಂಬ ವಾಕ್ಯ ಎಲ್ಲರ ಪುಸ್ತಕದಲ್ಲಿಯೂ ಒಂದೇ ಪ್ರಕಾರ ಇತ್ತು. ಮರುದಿನ ವಿಚಾರಿಸಿದಾಗ ನಿಜವಾಗಿ ಅಲ್ಲಿಗೆ ಹೋಗಿದ್ದವರು ನಾಲ್ಕೇ ಮಂದಿ. ಉಳಿದವರನ್ನೆಲ್ಲ ಕರೆದೊಯ್ದದ್ದು ಗೈಡು. ಒಬ್ಬ ಹುಡುಗಿ ಮಾತ್ರ ಮೆಟ್ಟೂರಿನ ವಿಚಾರ ಬರೆದಿದ್ದಳು. ಹೂ ಕಟ್ಟಿ ಮಾರುವ ತಾಯಿಯ ಜತೆ ಹರಕೆ ತೀರಿಸಲು ಮುನಿಯಪ್ಪನ ಗುಡಿಗೆ ಹೋಗಿದ್ದಳಂತೆ. ‘ನೀರು ಬೀಳುವ ಕಡೆ ನಿಂತರೆ ಬಿಸಿಲಿದ್ದರೂ ಮುಖ ಒದ್ದೆಯಾಗುತ್ತದೆ. ಅದಕ್ಕೆ ತುಂತುರು ಅನ್ನುತ್ತಾರೆ ಎಂದು ಅಮ್ಮ ಹೇಳಿದಳು’ ಎಂದು ಬರೆದಿದ್ದಳು. ಕಾಗುಣಿತದ ತಪ್ಪು ಹತ್ತಿರ ಹತ್ತಿರ ಹತ್ತು ಇದ್ದುವು. ಆದರೂ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚಿನ ಅಂಕ ಅವಳಿಗೇ ಕೊಟ್ಟೆವು.

ಆ ‘ತುಂತುರು’ ಎಂಬ ಪದವನ್ನು ನಾವು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಅರ್ಥವನ್ನು ಕಪ್ಪು ಹಲಗೆಯ ಮೇಲೆ ಬರೆದೂ ತೋರಿಸಿದ್ದೇವೆ. ಆದರೆ ಅವಳ ಮುಖ ಒದ್ದೆಯಾದ ಕ್ಷಣದಲ್ಲಿ ತಾಯಿ ಹೇಳಿದ್ದರಿಂದ ಅದು ಅವಳದಾಯಿತು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ: ಪುಟ್ಟ ಮಕ್ಕಳನ್ನು ಹತ್ತಿರದ ಸ್ಥಳಗಳಿಗೆ ಆಗಿಂದಾಗ್ಗೆ ಕರೆದುಕೊಂಡು ಹೋಗಿರಿ, ದಾರಿಯುದ್ದಕ್ಕೂ ನಿಮ್ಮ ಮನೆಯ ಮಾತಿನಲ್ಲಿ ಮಾತನಾಡಿರಿ. ಆ ಒಂದು ದಿನ ನೀವು ಕೊಟ್ಟ ಪದಗಳನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು.

‘ಹೋಗಲು ಎಲ್ಲಿದೆ ಸ್ವಾಮಿ, ಸುತ್ತ ಕಾಡು’ ಎನ್ನುವವರಿದ್ದಾರೆ. ಅದಕ್ಕೂ ಕಾರಣವುಂಟು. ನಮ್ಮ ಸೀಮೆಯಲ್ಲಿ ಒಂದು ತಲೆಮಾರಿನ ತಂದೆತಾಯಿಗಳು ಮಕ್ಕಳನ್ನು ಕಾಡಿನ ದಾರಿಗೆ ಕರೆದೊಯ್ಯಲು ಹೆದರಿದ್ದರು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿ 108 ದಿನ ಕಾಡಿನಲ್ಲಿರಿಸಿದ್ದು ಹಿರಿಯರಿಗೆಲ್ಲ ನೆನಪಿದೆ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ಅವನ ಕಥೆ ಮುಗಿಯಿತು. ಆ ಹೆದರಿಕೆ ಹೋಗಿ ಎಷ್ಟೋ ವರ್ಷಗಳಾದುವು. ಆದರೆ ಹೊರಡದೆ ಇರುವ ಅಭ್ಯಾಸ ಮಾತ್ರ ಹಲವು ಮನೆಗಳಲ್ಲಿ ಹಾಗೆಯೇ ಉಳಿದುಕೊಂಡಿದೆ. ಇನ್ನು ಕೆಲವರು ಮೈಸೂರು, ಊಟಿ ಎಂದು ದೊಡ್ಡ ಪ್ರವಾಸಕ್ಕಾಗಿ ಹಣ ಕೂಡಿಡುತ್ತಾ ಕಾಯುತ್ತಾರೆ. ಹಣ ಕೂಡುವ ಹೊತ್ತಿಗೆ ಮಗುವಿಗೆ ಮೀಸೆ ಬಂದಿರುತ್ತದೆ.

ನಮ್ಮ ಅನುಭವದಲ್ಲಿ ಪುಟ್ಟ ಮಕ್ಕಳ ಪ್ರವಾಸಕ್ಕೆ ಮೊದಲ ಸೂತ್ರ, ಅರ್ಧ ದಿನ, ಒಂದೇ ಸ್ಥಳ. ಮೂರು ಸ್ಥಳ ನೋಡಿಬಿಡೋಣವೆಂದು ಹೊರಟರೆ ಮೂರನೆಯದನ್ನು ಮಗು ನಿದ್ದೆಯಲ್ಲಿಯೇ ನೋಡುತ್ತದೆ. ಬೆಳಗಿನ ತಂಪಿನಲ್ಲಿ ಹೊರಟು ಊಟದ ಹೊತ್ತು ಮೀರುವ ಮುನ್ನ ಹಿಂದಿರುಗುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಬಿಸಿಲು ನಮ್ಮ ಕಡೆ ದೊಡ್ಡವರಿಗೇ ಕಷ್ಟ.

ಎರಡನೆಯದು, ಚೀಲ. ಕುದಿಸಿ ಆರಿಸಿದ ನೀರು, ಒಂದು ಜತೆ ಹೆಚ್ಚಿನ ಬಟ್ಟೆ, ಹಾಸಲು ಹಳೆಯ ಸೀರೆ, ಟವಲು, ಬಾಳೆಹಣ್ಣು, ಒಂದು ಪೊಟ್ಟಣ ಓ.ಆರ್.ಎಸ್. ಪುಡಿ. ಹಳೆಯ ಸೀರೆಯೊಂದಿದ್ದರೆ ಅದೇ ಜಮಖಾನ, ಅದೇ ನೆರಳು, ಮರದ ಕೊಂಬೆ ಸಿಕ್ಕಿದರೆ ಅದೇ ತೊಟ್ಟಿಲು. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಿಗೆ ನಿಷೇಧವಿದೆ. ಮದುವೆ ಮನೆಯಲ್ಲಿ ಕೊಟ್ಟ ಹಳದಿ ಬಟ್ಟೆ ಚೀಲ ಎಲ್ಲರ ಮನೆಯ ಮೊಳೆಗೂ ನೇತು ಬಿದ್ದಿರುತ್ತದೆ. ಅದಕ್ಕೂ ಒಂದು ದಿನದ ಪ್ರವಾಸವಾಗಲಿ. ಮಗುವಿನ ಜೇಬಿನಲ್ಲಿ ಹೆಸರು, ಊರು, ನಿಮ್ಮ ಫೋನ್ ನಂಬರು ಬರೆದ ಚೀಟಿ ಇಡುವುದನ್ನು ಮಾತ್ರ ಮರೆಯಬೇಡಿ. ಬರೆಯುವಾಗ ತಮಿಳಿನಲ್ಲಿಯೂ ಬರೆಯಿರಿ. ಕಳೆದುಹೋದ ಮಗುವನ್ನು ಎತ್ತಿಕೊಂಡವರು ಅದನ್ನು ಓದಬೇಕಲ್ಲವೆ?

ಖರ್ಚಿನ ವಿಚಾರ. ತಮಿಳುನಾಡಿನ ಸರಕಾರಿ ಬಸ್ಸುಗಳಲ್ಲಿ ಐದು ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. 2022ಕ್ಕೆ ಮುಂಚೆ ಇದು ಮೂರು ವರ್ಷದವರೆಗೆ ಮಾತ್ರ ಇತ್ತು. ಸಾಧಾರಣ ಟೌನ್ ಬಸ್ಸುಗಳಲ್ಲಿ 2021ರ ಮೇ ತಿಂಗಳಿಂದ ಹೆಂಗಸರಿಗೂ ಟಿಕೆಟ್ಟಿಲ್ಲ. ಹೀಗಾಗಿ ತಾಯಿ, ಅಜ್ಜಿ, ಮಗು ಮೂವರೂ ಹೊರಟರೆ ಹತ್ತಿರದ ದಾರಿಗೆ ಬಸ್ಸಿನ ಖರ್ಚೇ ಇಲ್ಲದಂತಾಯಿತು. ಖರ್ಚು ತರುವವರು ನಾವು ಗಂಡಸರು ಮಾತ್ರ ಎಂದು ನಮ್ಮ ಮನೆಯಲ್ಲಿ ಹಾಸ್ಯ ಮಾಡುತ್ತಾರೆ!

ಹತ್ತಿರದ ಸ್ಥಳಗಳಲ್ಲಿ ಮೊದಲು ಹೇಳಬೇಕಾದದ್ದು ಮೆಟ್ಟೂರು. ಪಾಲಮಲೆ, ಸೀತಾಮಲೆ ಎಂಬೆರಡು ಬೆಟ್ಟಗಳ ನಡುವೆ ಹಾದು ಕಾವೇರಿ ಬಯಲಿಗೆ ಇಳಿಯುವ ಬಾಯಿಯಲ್ಲಿ ಈ ಅಣೆಕಟ್ಟನ್ನು ಕಟ್ಟಿದ್ದಾರೆ. ಮೈಸೂರಿಗೂ ಮದರಾಸಿಗೂ 1924ರಲ್ಲಿ ನೀರಿನ ಒಪ್ಪಂದವಾಯಿತು. 1925ರಲ್ಲಿ ಕೆಲಸ ಪ್ರಾರಂಭವಾಗಿ 1934ರಲ್ಲಿ ಮುಗಿಯಿತು. ಆಗಿನ ಮದರಾಸು ಗವರ್ನರ್ ಸ್ಟ್ಯಾನ್ಲಿಯವರ ಹೆಸರನ್ನೇ ಜಲಾಶಯಕ್ಕೆ ಇಟ್ಟರು. ಕಟ್ಟೆಯ ಎತ್ತರ 214 ಅಡಿ, ಉದ್ದ ಸುಮಾರು ಒಂದು ಮೈಲಿ. ಪೂರ್ಣ ಮಟ್ಟವಾದ 120 ಅಡಿ ನೀರು ನಿಂತರೆ 93.47 ಟಿ.ಎಂ.ಸಿ. ಹಿಡಿಯುತ್ತದೆ, ಎಂದರೆ ನಮ್ಮ ಕನ್ನಂಬಾಡಿ ಕಟ್ಟೆಯ 49.45 ಟಿ.ಎಂ.ಸಿ.ಗೆ ಹೆಚ್ಚುಕಡಿಮೆ ಎರಡರಷ್ಟು. ಈ ಲೆಕ್ಕವೆಲ್ಲ ಹೈಸ್ಕೂಲಿನ ಮಕ್ಕಳಿಗೆ. ನಾಲ್ಕು ವರ್ಷದವನಿಗೆ ಬೇಕಾದದ್ದು ಕಟ್ಟೆಯ ಬುಡದ ಉದ್ಯಾನದ ಹುಲ್ಲು, ಜಾರುಬಂಡೆ, ಉಯ್ಯಾಲೆ. ಹೋದ ಒಂದು ಗಂಟೆಯ ತನಕ ಅವನಿಗೆ ಅಣೆಕಟ್ಟೆಯೇ ಕಾಣುವುದಿಲ್ಲ. ಬಿಡಿ, ಅವಸರವಿಲ್ಲ.

ಉಯ್ಯಾಲೆ ಸಾಕಾದ ಮೇಲೆ ಪ್ರಶ್ನೆಗಳು ಬರುತ್ತವೆ. “ಅಪ್ಪಾ, ಈ ನೀರೆಲ್ಲ ಎಲ್ಲಿಂದ ಬಂತು?” ಎಂದು ನಮ್ಮ ಹಿರಿಯಳು ಕೇಳಿದಳು. ಕೊಡಗಿನ ತಲಕಾವೇರಿಯಿಂದ ಹೊರಟು ಕನ್ನಂಬಾಡಿ, ಶಿವನಸಮುದ್ರ, ಮೇಕೆದಾಟು, ಹೊಗೆನಕಲ್ಲು ಎಂದು ಬೆರಳು ಮಡಿಸುತ್ತಾ ಹೇಳಿದೆವು. “ಅಷ್ಟು ದೂರ ನಡೆದು ಬಂದಿದೆಯಾ? ಕಾಲು ನೋಯಲ್ವಾ ಅದಕ್ಕೆ?” ಎಂದು ಚಿಕ್ಕವನು ಕೇಳಿದ. ಜತೆಗಿದ್ದ ಅವರಜ್ಜಿ, “ಅದಕ್ಕೇ ಕಣ್ ಮಗಾ, ಇಲ್ಲಿ ಒಸಿ ಕೂತ್ಕೊಂಡದೆ” ಎಂದರು. ಜಲಾಶಯವೆಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ನಾವು ಯಾವ ತರಬೇತಿಯಲ್ಲಿಯೂ ಕಲಿತಿರಲಿಲ್ಲ.

ಹೆಚ್ಚಾದ ನೀರನ್ನು ಹೊರಬಿಡುವ ಹದಿನಾರು ಬಾಗಿಲುಗಳನ್ನು ಅಲ್ಲಿಯ ಜನ ‘ಪದಿನಾರು ಕಣ್ ಪಾಲಂ’ ಎನ್ನುತ್ತಾರೆ. ನಮ್ಮಲ್ಲಿಯೂ ಸೇತುವೆಗೆ ಕಣ್ಣು ಎಂದೇ ಹೇಳುವುದು. ಪದಿನಾರು, ಹದಿನಾರು, ಪಾಲ್, ಹಾಲು, ಪುಲಿ, ಹುಲಿ, ಪೂ, ಹೂ. ತಮಿಳಿನ ‘ಪ’ ನಮ್ಮಲ್ಲಿ ‘ಹ’ ಆಗಿದೆ. ಹಳಗನ್ನಡದಲ್ಲಿ ನಮಗೂ ಅದು ‘ಪ’ವೇ ಆಗಿತ್ತು. ಇದನ್ನೊಂದು ಆಟವಾಗಿ ಮಾಡಿಕೊಂಡರೆ ಬಸ್ಸಿನ ದಾರಿ ಸಾಗುವುದೇ ಗೊತ್ತಾಗುವುದಿಲ್ಲ. ಒಬ್ಬರು ತಮಿಳಿನ ಪದ ಹೇಳಬೇಕು, ಇನ್ನೊಬ್ಬರು ಕನ್ನಡದ್ದು ಹುಡುಕಬೇಕು. ಎರಡು ಮಾತೂ ಒಂದೇ ಮನೆಯ ಅಕ್ಕತಂಗಿಯರೆಂದು ಮಗುವಿಗೆ ತಾನಾಗಿ ತಿಳಿಯುತ್ತದೆ. ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ ಎಂಬುದೂ ತಿಳಿಯುತ್ತದೆ.

ಮೆಟ್ಟೂರಿನಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಕಡೆ ಒಂದು ಸೋಜಿಗವುಂಟು. ಕಟ್ಟೆ ಕಟ್ಟಿದಾಗ ಮುಳುಗಿದ ಊರುಗಳ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಗೋಪುರವೂ ನೀರಿನಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ಕನ್ನಂಬಾಡಿ ಎಂಬ ಊರೂ ಹಾಗೆಯೇ ನೀರಿನಡಿಗೆ ಹೋದದ್ದು. ಸಾವಿರಾರು ಜನ ಮನೆ ಹೊಲ ಬಿಟ್ಟು ಎದ್ದು ಹೋದದ್ದರಿಂದ ಇನ್ನೆಷ್ಟೋ ಸಾವಿರ ಜನರ ಗದ್ದೆಗೆ ನೀರಾಯಿತು ಎಂಬುದನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಅಲ್ಲಿ ನಿಂತೇ ಹೇಳಬೇಕು. ಪುಸ್ತಕದಲ್ಲಿ ‘ತ್ಯಾಗ’ ಎಂದು ಹೇಳುವ ಪಾಠ ಅಲ್ಲಿ ಎರಡು ಕೋಡು, ಒಂದು ಡುಬ್ಬ ಇರುವ ಕಲ್ಲಿನ ಬಸವನಾಗಿ ಕಾಣುತ್ತದೆ.

ಆಡಿ ತಿಂಗಳ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ 2 ಅಥವಾ 3ರಂದು, ಕಾವೇರಿಯ ಉದ್ದಕ್ಕೂ ದೊಡ್ಡ ಜಾತ್ರೆ. ನೋಡಲು ಚೆನ್ನ, ಆದರೆ ಕೈಕೂಸಿರುವವರು ಆ ದಿನ ಬಿಟ್ಟು ಮುಂದಿನ ವಾರ ಹೋಗುವುದು ಮೇಲು. ನದಿ ಎಲ್ಲಿಗೂ ಹೋಗುವುದಿಲ್ಲ.

ಇನ್ನು ಊಟತಿಂಡಿ, ಅಂಗಡಿಗಳ ಮಾತು. ಮಕ್ಕಳಿಲ್ಲದವರು ಹೋಟೆಲನ್ನು ರುಚಿಯಿಂದ ಅಳೆಯುತ್ತಾರೆ. ಮಕ್ಕಳೊಂದಿಗರು ಅಳೆಯುವ ಕೋಲೇ ಬೇರೆ. ಒಳಗೆ ಕಾಲಿಟ್ಟೊಡನೆ ನಾವು ನಾಲ್ಕು ವಿಷಯ ನೋಡುತ್ತೇವೆ. ಕೈ ತೊಳೆಯುವ ನಲ್ಲಿ ಮಗುವಿಗೆ ಎಟಕುತ್ತದೆಯೇ? ಬಿಸಿನೀರು ಕೇಳಿದರೆ ಮುಖ ಸಿಂಡರಿಸದೆ ಕೊಡುತ್ತಾರೆಯೇ? ಖಾರವಿಲ್ಲದ್ದು ಏನಾದರೂ ಇದೆಯೇ? ತಾಯಿ ಗೋಡೆಯ ಕಡೆ ತಿರುಗಿ ಮಗುವಿಗೆ ಹಾಲು ಕೊಡಲು ಒಂದು ಮೂಲೆಯ ಬೆಂಚು ಇದೆಯೇ? ಈ ನಾಲ್ಕೂ ಇರುವ ಕಡೆ ಸಾಂಬಾರು ನೀರಾಗಿದ್ದರೂ ನಾವು ಮತ್ತೆ ಹೋಗುತ್ತೇವೆ. ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ತಾಯಂದಿರಿಗಾಗಿ ತಮಿಳುನಾಡು ಸರಕಾರ 2015ರಿಂದ ಪ್ರತ್ಯೇಕ ಕೊಠಡಿಗಳನ್ನು ತೆರೆದಿದೆ. ಬೀಗ ಹಾಕಿದ್ದರೆ ನಾಚಿಕೊಳ್ಳದೆ ಬೀಗದ ಕೈ ಕೇಳಿರಿ. ಅದು ನಿಮಗಾಗಿಯೇ ಇರುವ ಕೊಠಡಿ.

ಒಮ್ಮೆ ದಾರಿಯ ಬದಿಯ ಒಂದು ಚಿಕ್ಕ ಟೀ ಅಂಗಡಿಯಲ್ಲಿ ಹಾಲಿನ ಬಾಟಲಿ ತೊಳೆಯಲು ಬಿಸಿನೀರು ಕೇಳಿದೆವು. ಅಂಗಡಿಯಾಕೆ ಬಾಟಲಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು, ತಾವೇ ಎರಡು ಸಲ ಕುದಿನೀರು ಹಾಕಿ ತೊಳೆದು, ಮಗು ಮಲಗಲೆಂದು ಒಳಗಿನ ಹಗ್ಗದ ಮಂಚವನ್ನೂ ತೋರಿಸಿದರು. “ಅಕ್ಕಾ, ಎಷ್ಟು ಕೊಡಲಿ?” ಎಂದು ಮಗುವಿನ ತಾಯಿ ಕೇಳಿದರೆ, ಎರಡು ಟೀಗೆ ಮಾತ್ರ ದುಡ್ಡು ತೆಗೆದುಕೊಂಡರು. ಊರಿನ ಅಂಗಡಿಗಳವರು ಈ ಪತ್ರಿಕೆ ಓದುವುದಾದರೆ ಒಂದು ಮಾತು. ಮಗುವಿಗೆ ಒಂದು ಲೋಟ ಬಿಸಿನೀರು ಕೊಟ್ಟ ಅಂಗಡಿಯನ್ನು ಆ ಮನೆಯವರು ಹತ್ತು ವರ್ಷ ಮರೆಯುವುದಿಲ್ಲ. ಇದಕ್ಕಿಂತ ಅಗ್ಗದ ಜಾಹೀರಾತು ಇಲ್ಲ.

ಸೇಲಂ ಪೇಟೆಯ ‘ತಟ್ಟುವಡೆ ಸೆಟ್’ ಬಹಳ ಹೆಸರುವಾಸಿ. ಎರಡು ಗರಿಗರಿ ತಟ್ಟುವಡೆಗಳ ನಡುವೆ ಚಟ್ನಿ, ತುರಿದ ತರಕಾರಿ ಇಟ್ಟು ಕೊಡುತ್ತಾರೆ. ಅದು ದೊಡ್ಡವರ ನಾಲಿಗೆಗೆ. ಪುಟ್ಟವರಿಗೆ ಇಡ್ಲಿ, ಬಾಳೆಹಣ್ಣು ಕ್ಷೇಮ. ಮೆಟ್ಟೂರು, ಹೊಗೆನಕಲ್ಲುಗಳಲ್ಲಿ ಹೊಳೆಯ ಮೀನನ್ನು ಕಣ್ಣೆದುರಿಗೇ ಕರಿದು ಕೊಡುತ್ತಾರೆ. ತಿನ್ನುವವರು ಮಗುವಿಗೆ ಕೊಡುವ ಮುನ್ನ ಮುಳ್ಳನ್ನು ಬೆರಳಿನಿಂದ ಹಿಸುಕಿ ನೋಡಿಯೇ ಕೊಡಬೇಕು. ಕೋತಿಗಳ ಮುಂದೆ ಮಾತ್ರ ತಿಂಡಿಯ ಪೊಟ್ಟಣ ಬಿಚ್ಚಲೇಬಾರದು.

ಹೊಗೆನಕಲ್ಲಿನ ಹೆಸರಿನಲ್ಲಿಯೇ ಕನ್ನಡವಿದೆ. ನೀರು ಬಿದ್ದು ಬಂಡೆಯಿಂದ ಹೊಗೆ ಏಳುವಂತೆ ಕಾಣುವ ಕಲ್ಲು ಅದು. ಧರ್ಮಪುರಿಯಿಂದ ಸುಮಾರು 46 ಕಿಲೋಮೀಟರು, ಪೆನ್ನಾಗರದ ಮೇಲೆ ಕಾಡಿನ ದಾರಿ. ಅಲ್ಲಿಯ ಹರಿಗೋಲನ್ನು ತಮಿಳಿನಲ್ಲಿ ‘ಪರಿಸಲ್’ ಎನ್ನುತ್ತಾರೆ. ಬಿದಿರಿನ ಹೆಣಿಗೆಯ ದುಂಡನೆಯ ಬುಟ್ಟಿ. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ಮೂಲೆಯೇ ಇಲ್ಲದ ದೋಣಿಯನ್ನು ಕಂಡು ಮಕ್ಕಳಿಗೆ ಆಗುವ ಸಂತೋಷ ಹೇಳತೀರದು.

ಆದರೆ ಇಲ್ಲಿ ನಾವು ಹಾಸ್ಯ ಬಿಟ್ಟು ಹೇಳುತ್ತೇವೆ. ಕಾವೇರಿ ತಾಯಿಯೇ ಸರಿ. ಆದರೆ ಅವಳಿಗೆ ಮಕ್ಕಳ ವಯಸ್ಸು ಕಾಣಿಸುವುದಿಲ್ಲ. ಮೇಲೆ ಮಳೆಯಾಗಿ ಅಥವಾ ಕಟ್ಟೆಗಳಿಂದ ಬಿಟ್ಟು ನೀರು ಏರಿದಾಗ ಜಿಲ್ಲಾ ಆಡಳಿತದವರು ಹರಿಗೋಲನ್ನೂ ಸ್ನಾನವನ್ನೂ ನಿಲ್ಲಿಸುತ್ತಾರೆ. ಅಷ್ಟು ದೂರ ಬಂದೆವಲ್ಲ ಎಂದು ಆಗ ಯಾರನ್ನೂ ಪುಸಲಾಯಿಸಬಾರದು. ತೇಲುವ ಅಂಗಿ ಇಲ್ಲದೆ ಹರಿಗೋಲು ಹತ್ತಬಾರದು. ಅಂಗಿ ಮಗುವಿನ ಮೈಗೆ ಸಡಿಲವಾಗಿದ್ದರೂ ಹತ್ತಬಾರದು. ಕೈಗೂಸನ್ನು ಹರಿಗೋಲಿಗೆ ಒಯ್ಯದೆ ದಡದಲ್ಲಿಯೇ ಇಟ್ಟುಕೊಂಡಿರಿ. ಪಾಚಿಕಟ್ಟಿದ ಬಂಡೆಯ ಮೇಲೆ ಫೋಟೋಕ್ಕಾಗಿ ನಿಲ್ಲಿಸಬೇಡಿ. ನೀರಿನ ಹತ್ತಿರ ಮಗುವಿನ ಕೈ ಹಿಡಿಯುವ ಕೆಲಸ ಒಬ್ಬರದು ಮಾತ್ರ. ಅವರು ಯಾರೆಂದು ಮೊದಲೇ ಹೇಳಿಟ್ಟುಕೊಂಡಿರಬೇಕು. ಅಪ್ಪ ನೋಡುತ್ತಾರೆಂದು ಅಮ್ಮ, ಅಮ್ಮ ನೋಡುತ್ತಾಳೆಂದು ಅಪ್ಪ ಇದ್ದುಬಿಡುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ದಡದಲ್ಲಿ ಕುಳಿತೇ ಕಲಿಯುವುದು ಬೇಕಾದಷ್ಟಿದೆ. ಧರ್ಮಪುರಿ ಕಡೆಯ ಎಷ್ಟೋ ಊರುಗಳ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಮಕ್ಕಳ ಹಲ್ಲು ಕಂದಾಗುತ್ತಿತ್ತು, ಹಿರಿಯರ ಮೂಳೆ ನೋಯುತ್ತಿತ್ತು. ಜಪಾನಿನ ಸಾಲದ ನೆರವಿನಿಂದ ಕಟ್ಟಿದ ಹೊಗೆನಕಲ್ಲು ಕುಡಿಯುವ ನೀರಿನ ಯೋಜನೆ 2013ರಲ್ಲಿ ಪ್ರಾರಂಭವಾಗಿ ಈ ಕಾವೇರಿ ನೀರನ್ನೇ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಊರುಗಳಿಗೆ ಒಯ್ಯುತ್ತದೆ. ‘ನಲ್ಲಿಯಲ್ಲಿ ಬರುವ ನೀರು ಇದೇ’ ಎಂದು ಹೇಳಿದರೆ ಆ ಕಡೆಯ ಮಗು ಆ ದಿನದಿಂದ ನಲ್ಲಿಯನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ಸೇಲಂ ಹತ್ತಿರ ಬೇಸಿಗೆಯಲ್ಲಿಯೂ ತಂಪಾಗಿರುವುದು ಏರ್ಕಾಡು. ಸುಮಾರು 5,000 ಅಡಿ ಎತ್ತರ. ಕಾಫಿ ತೋಟ, ನಡುವೆ ಕೆರೆ, ದೋಣಿ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ಒಂದೇ ಪದ ಗಡಿ ದಾಟುವಾಗ ನೀರಿನಿಂದ ದಡಕ್ಕೆ ಹತ್ತಿಬಿಟ್ಟಿದೆ! ಬೆಟ್ಟದ ದಾರಿಯಲ್ಲಿ 20 ಹೇರ್‌ಪಿನ್ ತಿರುವುಗಳಿವೆ. ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಿ ಹತ್ತಿಸಬೇಡಿ. ಮುಂದಿನ ಸೀಟಿನಲ್ಲಿ ಕೂರಿಸಿ ದೂರದ ಬೆಟ್ಟವನ್ನು ತೋರಿಸುತ್ತಿದ್ದರೆ ವಾಂತಿ ಕಡಿಮೆ. ತಿರುವುಗಳನ್ನು ಎಣಿಸಲು ಹೇಳಿದರೆ ಹತ್ತೊಂಬತ್ತೋ ಇಪ್ಪತ್ತೋ ಎಂಬ ಜಗಳದಲ್ಲಿ ವಾಂತಿಯೇ ಮರೆತುಹೋಗುತ್ತದೆ. ಬೆಟ್ಟ ಹತ್ತಲಾರದ ಕೂಸುಗಳಿಗೆ ಬುಡದಲ್ಲಿಯೇ ಕುರುಂಬಪಟ್ಟಿಯ ಚಿಕ್ಕ ಪ್ರಾಣಿಸಂಗ್ರಹಾಲಯವಿದೆ. 1892ರಷ್ಟು ಹಿಂದಿನ ಮೈಸೂರಿನ ದೊಡ್ಡ ಜೂ ಅಲ್ಲ ಇದು. ಆದರೆ ಪುಟ್ಟ ಕಾಲುಗಳು ಸುತ್ತಿ ಮುಗಿಸಬಹುದಾದಷ್ಟೇ ಇರುವುದು ಅದರ ಗುಣ.

ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ಆಳಿದ ಅದಿಯಮಾನನು ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರಿಗೆ ಕೊಟ್ಟ ಕಥೆಯನ್ನು ತಮಿಳು ಮಕ್ಕಳೆಲ್ಲ ಬಲ್ಲರು. ನಮ್ಮ ಮಕ್ಕಳೂ ಬಲ್ಲವರಾಗಲಿ. ಅದೇ ಧರ್ಮಪುರಿಯಲ್ಲಿ ಒಂಬತ್ತನೆಯ ಶತಮಾನದ ನೊಳಂಬ ಅರಸರ ಶಾಸನಗಳು ಕನ್ನಡದಲ್ಲಿ ದೊರೆತಿವೆ. ದಾರಿಯಲ್ಲಿ ನೆಲ್ಲಿಕಾಯಿ ಕೊಂಡು, ಒಂದು ಕಚ್ಚಿಗೆ ತಮಿಳು ಕಥೆ, ಮೇಲೆ ಕುಡಿದ ನೀರಿನ ಸಿಹಿಗೆ ಕನ್ನಡ ಕಥೆ ಹೇಳಿದರೆ ಎರಡೂ ನೆನಪಿನಲ್ಲಿ ನಿಲ್ಲುತ್ತವೆ.

ಕೊನೆಗೆ ಪಾಲಮಲೆ. ಮೇಲೆ ಸಿದ್ಧೇಶ್ವರ ಸ್ವಾಮಿಯ ಗುಡಿಯಿದೆ, ಮಲೆಯ ಊರುಗಳಿವೆ. ಹತ್ತುವ ದಾರಿ ಕಡಿದು. ನಾಲ್ಕು ವರ್ಷದ ಮಗುವಿಗೆ ಅದು ಹೇಳಿಸಿದ್ದಲ್ಲ. ಆದರೆ ಮಲೆಯ ಬುಡದಲ್ಲಿ ಬೆಳಗಿನ ಹೊತ್ತು ಒಂದು ಮೈಲಿ ನಡೆಯಲು ಏನೂ ಅಡ್ಡಿಯಿಲ್ಲ. ಟಿಕೆಟ್ಟಿಲ್ಲ, ಉಯ್ಯಾಲೆಯಿಲ್ಲ, ಅಂಗಡಿಯೂ ಇಲ್ಲ. ನಮ್ಮ ಮಕ್ಕಳ ಅತ್ಯುತ್ತಮ ಪ್ರವಾಸ ಅದೇ ಆಯಿತು. ಕಾರಣ, ಆ ದಿನ ಮುಂದಾಳು ಅವರ ಅಜ್ಜಿ. ಮನೆಯಲ್ಲಿ ಮೂಲೆ ಹಿಡಿದು ಕೂರುವ ಅವರು ಮರಗಳ ನಡುವೆ ಬಂದೊಡನೆ ಬೇರೆಯೇ ಆದರು. “ಇದು ಹೊಂಗೆ ಕಣ್ ಮಗಾ, ಇದರ ಎಣ್ಣೇಲಿ ದೀಪ ಹಚ್ತಿದ್ವಿ. ಇದು ಅತ್ತಿ, ಇದರ ಹೂವ ಯಾರೂ ಕಂಡಿಲ್ಲ. ಇದು ತಂಗಡಿ, ಇದು ಲಕ್ಕಿ, ಕೆಮ್ಮಿಗೆ ಸೊಪ್ಪು ಕಾಸಿ ಆವಿ ತಗೋತಾರೆ” ಎಂದು ಒಂದೊಂದನ್ನೂ ಮುಟ್ಟಿ ಮುಟ್ಟಿ ಹೇಳಿದರು. ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಹೇಳುವ ನಮಗೆ ಗೊತ್ತಿಲ್ಲದ ಹೆಸರುಗಳೂ ಬಂದುವು. ಮೆಟ್ಟೂರಿನ ನೀರು ಇಳಿದಾಗ ನಂದಿ ಕಾಣಿಸುವಂತೆ, ಅವರೊಳಗೆ ಮುಳುಗಿದ್ದ ಪದಗಳೆಲ್ಲ ಎದ್ದು ಬಂದಿದ್ದುವು. ಮಲೆಯಿಂದ ಸೌದೆ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ನಿಂತು ಕೇಳಿ, ತನ್ನದೂ ಎರಡು ಹೆಸರು ಸೇರಿಸಿ ಹೋದಳು.

ಒಂದು ಎಚ್ಚರಿಕೆ. ಕಾಡಿನ ಅಂಚೆಂದರೆ ಆನೆಗಳ ಮನೆಯಂಗಳ. ಧರ್ಮಪುರಿ, ಕೃಷ್ಣಗಿರಿಗಳ ಕಾವೇರಿ ತೀರದ ಕಾಡನ್ನು 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮವೆಂದು ಘೋಷಿಸಿದ್ದಾರೆ. ದಾರಿ ಬಿಟ್ಟು ಒಳಗೆ ಹೋಗಬಾರದು. ಸಂಜೆಯ ಮುನ್ನ ಹಿಂದಿರುಗಬೇಕು. ಅರಣ್ಯದವರು ಬೇಡವೆಂದ ಕಡೆ ಹೆಜ್ಜೆ ಇಡಬಾರದು.

ನಮ್ಮ ರಾಜ್ಯದ 2006ರ ಕಾಯಿದೆಯ ಮೇರೆಗೆ ಮಕ್ಕಳೆಲ್ಲ ಒಂದನೆಯ ತರಗತಿಯಿಂದ ತಮಿಳು ಕಲಿಯುತ್ತಾರೆ. ಜತೆಗೆ ಇಂಗ್ಲಿಷೂ ಇದೆ. ಕಲಿಯಲಿ, ಮೂರೂ ಬೇಕು. ತಮಿಳಿಗೆ ಬೀದಿಯಿದೆ, ಪೇಟೆಯಿದೆ, ಇಂಗ್ಲಿಷಿಗೆ ಟಿ.ವಿ.ಯಿದೆ, ಫೋನಿದೆ. ಇಲ್ಲಿ ಕನ್ನಡಕ್ಕಿರುವುದು ಶಾಲೆಯೊಂದು, ಮನೆಯೊಂದು. ಶಾಲೆಯಲ್ಲಿ ನಾವು ಮರ, ನದಿ, ಬೆಟ್ಟ ಎಂದು ಕಲಿಸಬಲ್ಲೆವು. ಹೊಂಗೆ, ಸುಳಿ, ತುಂತುರು, ಇಳಿಜಾರು, ಬಿಸಿಲುಕೋಲು ಇವುಗಳನ್ನು ಕೈ ಹಿಡಿದು ತೋರಿಸಿ ಕೊಡಬೇಕಾದವರು ನೀವು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕ, ಬಯಲುಗಳ ಮೂಲಕವೇ ಪಾಠವಾಗಬೇಕೆಂದು ದುಡಿದರು. ಅಂಥ ಬಾಲವನ ನಮ್ಮೂರಿನಲ್ಲಿಲ್ಲದಿದ್ದರೇನು, ಕಾವೇರಿಯ ದಡವಿದೆ, ಪಾಲಮಲೆಯ ಬುಡವಿದೆ.

ಹಿಂದಿರುಗಿದ ಮೇಲೆ ‘ಏನೇನು ಕಲಿತೆ, ಹೇಳು’ ಎಂದು ಪರೀಕ್ಷೆ ಮಾಡಬೇಡಿ. ಮಗು ತಾನಾಗಿ ಹೇಳುತ್ತದೆ. ಒಂದು ವಾರ ಕಳೆದು, ನೀವು ಬೇರೇನೋ ಕೆಲಸದಲ್ಲಿರುವಾಗ ಹೇಳುತ್ತದೆ. ಆಗ ಕೆಲಸ ಬಿಟ್ಟು ಕೇಳಿರಿ.

ಪ್ರೀತಿಯ ವಿದ್ಯಾರ್ಥಿಗಳೇ, ಈ ಲೇಖನ ನಿಮ್ಮ ತಂದೆತಾಯಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಅವರ ಮೊದಲ ಉಪಾಧ್ಯಾಯರು ನೀವೇ. ಓದಲು ಬಾರದ ಪೋಷಕರಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿರಿ. ಬರುವ ಭಾನುವಾರ ಅಮ್ಮನಿಗೆ ಬಿಡುವಿಲ್ಲದಿದ್ದರೆ ಅಜ್ಜಿಯನ್ನು ಕೇಳಿರಿ. ಅಜ್ಜಿಯಂದಿರಿಗೆ ಸಾಮಾನ್ಯವಾಗಿ ಹೊರಡಲು ಮನಸ್ಸಿರುತ್ತದೆ, ಕರೆಯುವವರಿರುವುದಿಲ್ಲ. ಮುಂದಿನ ವರ್ಷ ‘ನಾನು ಕಂಡ ಒಂದು ಸ್ಥಳ’ ಎಂದು ಪ್ರಬಂಧ ಕೊಟ್ಟಾಗ ಬೃಂದಾವನದ ಕಾರಂಜಿಗಳಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ. ನಿಮ್ಮ ಕಾಗುಣಿತವನ್ನು ತಿದ್ದಲು ನಾವಿದ್ದೇವೆ.